ನೋವು ಹೋದ ಮೇಲಿನ ಕೆಲಸ: ಉಳುಕಿದ ಕಾಲಿಗೆ ಸಮತೋಲನದ ಅಭ್ಯಾಸ

(ಶಿರಸಿಯಲ್ಲಿ ಪಾಲಕರು ಮತ್ತು ದೈಹಿಕ ಶಿಕ್ಷಕರ ಎದುರು ಫಿಸಿಯೋಥೆರಪಿಸ್ಟ್ ಒಬ್ಬರು ನೀಡಿದ ಉಪನ್ಯಾಸದ ಬರಹ ರೂಪ)

ಈಗ ತಾನೇ ವೇದಿಕೆಗೆ ಬಂದು ಹೋದ ಹುಡುಗನ ಪಾದವನ್ನು ಮುಂದಿನ ಸಾಲಿನವರು ಹತ್ತಿರದಿಂದ ನೋಡಿದಿರಿ. ಹಿಂದೆ ಕುಳಿತವರಿಗೆ ಕಂಡಿರಲಿಕ್ಕಿಲ್ಲ, ಆದ್ದರಿಂದ ಅಲ್ಲಿ ಏನಾಯಿತೆಂಬುದನ್ನು ಮೊದಲು ಹೇಳುತ್ತೇನೆ. ಎರಡು ತಿಂಗಳ ಹಿಂದೆ ವಾಲಿಬಾಲ್ ಆಡುವಾಗ ಅವನ ಬಲಗಾಲು ಉಳುಕಿತ್ತು. ಈಗ ನೋವಿದೆಯೇ ಎಂದು ನಾನು ಕೇಳಿದೆ, ಇಲ್ಲವೆಂದ. ಎಡಗಾಲಿನ ಮೇಲೆ ನಿಲ್ಲಲು ಹೇಳಿದಾಗ ಪಾದ ನೆಲಕ್ಕೆ ಹೊಂದಿಕೊಂಡು, ಬೆರಳುಗಳು ಸಡಿಲವಾಗಿ ಹರಡಿ, ಮೂವತ್ತು ಎಣಿಸುವವರೆಗೂ ಅವನು ನಿರಾಯಾಸವಾಗಿ ನಿಂತ. ಬಲಗಾಲಿಗೆ ಬದಲಿಸಿದೊಡನೆ ಬೆರಳುಗಳು ನೆಲವನ್ನು ಬಿಗಿಯಾಗಿ ಕಚ್ಚಿ ಹಿಡಿದವು, ಉಗುರುಗಳು ಬಿಳಿಚಿದವು, ಪಾದದ ಮುಂಭಾಗದ ಸ್ನಾಯುರಜ್ಜುಗಳು ತಂತಿಗಳಂತೆ ಎದ್ದು ಎದ್ದು ಇಳಿದವು. ಪಾದ ಒಮ್ಮೆ ಒಳ ಅಂಚಿಗೆ, ಮತ್ತೊಮ್ಮೆ ಹೊರ ಅಂಚಿಗೆ ಹೊರಳುತ್ತಿತ್ತು. ಎಂಟು ಎಣಿಸುವಷ್ಟರಲ್ಲಿ ಅವನು ಇನ್ನೊಂದು ಕಾಲನ್ನು ಕೆಳಗೂರಿದ, ಮತ್ತು ಎಲ್ಲರಿಗಿಂತ ಹೆಚ್ಚು ಆಶ್ಚರ್ಯಪಟ್ಟವನು ಅವನೇ.

ಅವನ ಕಾಲಿನಲ್ಲಿ ನೋವಿಲ್ಲ, ಊತವಿಲ್ಲ, ನಡಿಗೆಯಲ್ಲಿ ಕುಂಟಿಲ್ಲ, ಆದರೂ ಆ ಕಾಲು ಇನ್ನೂ ಗುಣವಾಗಿಲ್ಲ. ನಮ್ಮಲ್ಲಿಗೆ ಎರಡನೆಯ ಸಲ, ಮೂರನೆಯ ಸಲ ಕಾಲು ಉಳುಕಿಸಿಕೊಂಡು ಬರುವ ಮಕ್ಕಳಲ್ಲಿ ಬಹುಪಾಲು ಮಕ್ಕಳ ಮೊದಲ ಗಾಯ ಹೀಗೆ ನೋವು ನಿಂತ ದಿನವೇ ಮರೆತುಹೋಗಿರುತ್ತದೆ. ನಾನು ಇಂದು ಮಾತನಾಡಲು ಒಪ್ಪಿಕೊಂಡದ್ದು ಆ ದಿನದಿಂದ ಮುಂದಿನ ಕೆಲಸದ ಬಗ್ಗೆ.

ಕಾಲಿನ ಹರಡು, ಅಂದರೆ ಪಾದವೂ ಕಾಲೂ ಸೇರುವ ಕೀಲು, ಹೊರಮಗ್ಗುಲಲ್ಲಿ ಮೂರು ಲಿಗಮೆಂಟುಗಳಿಂದ ಬಿಗಿಯಲ್ಪಟ್ಟಿದೆ. ಲಿಗಮೆಂಟ್ ಎಂದರೆ ಎಲುಬನ್ನು ಎಲುಬಿಗೆ ಕಟ್ಟುವ ಗಟ್ಟಿಯಾದ ನಾರಿನ ಪಟ್ಟಿ. ಮೂರರಲ್ಲಿ ಮುಂದಿನದು, ಹೊರಗಂಟಿನಿಂದ (ಹರಡಿನ ಹೊರಬದಿಯಲ್ಲಿ ಉಬ್ಬಿ ಕಾಣುವ ಎಲುಬಿನಿಂದ) ಟೇಲಸ್ ಎಂಬ ಪಾದದ ಎಲುಬಿಗೆ ಹೋಗುವಂಥದು, ಎಲ್ಲಕ್ಕಿಂತ ದುರ್ಬಲ. ಜಿಗಿದು ಇಳಿಯುವಾಗ ಪಾದ ಒಳಕ್ಕೆ ಮಗುಚಿದರೆ ಸಾಮಾನ್ಯವಾಗಿ ಮೊದಲು ಹಿಗ್ಗುವುದು ಅಥವಾ ಹರಿಯುವುದು ಅದೇ. ಈ ಮಗುಚುವಿಕೆಗೆ ಹಿಡಿಯುವ ಹೊತ್ತು ಒಮ್ಮೆ ರೆಪ್ಪೆ ಮಿಟುಕಿಸುವುದಕ್ಕಿಂತ ಕಡಿಮೆ. ಮಗುಚಲು ಆರಂಭಿಸಿದ ಮೇಲೆ ಎಚ್ಚೆತ್ತುಕೊಂಡರೆ ಸ್ನಾಯುಗಳಿಗೆ ಸಮಯ ಸಾಲುವುದಿಲ್ಲ. ಪಾದ ನೆಲ ಮುಟ್ಟುವ ಮೊದಲೇ ಸರಿಯಾದ ಕೋನದಲ್ಲಿ ಸಿದ್ಧವಾಗಿರಬೇಕು. ಅದಕ್ಕಾಗಿ ಈ ಕ್ಷಣದಲ್ಲಿ ಪಾದ ಎಲ್ಲಿದೆ, ಎಷ್ಟು ಓರೆಯಾಗಿದೆ ಎಂಬ ವರ್ತಮಾನ ಮಿದುಳಿಗೆ ಸದಾ ತಲುಪುತ್ತಿರಬೇಕು. ಕತ್ತಲೆಯಲ್ಲಿ ಕಣ್ಣಿಗೆ ಕಾಣದಿದ್ದರೂ ನಾವು ಮೆಟ್ಟಿಲಿಳಿಯುವುದು ಈ ವರ್ತಮಾನದ ಬಲದಿಂದಲೇ. ಅದನ್ನು ಕಳಿಸುವ ನರತುದಿಗಳು ಸ್ನಾಯುಗಳಲ್ಲಿವೆ, ಸ್ನಾಯುರಜ್ಜುಗಳಲ್ಲಿವೆ, ಕೀಲಿನ ಹೊದಿಕೆಯಲ್ಲಿವೆ, ಲಿಗಮೆಂಟಿನಲ್ಲಿಯೂ ಇವೆ.

1965ರಲ್ಲಿ ಬ್ರಿಟಿಷ್ ಮೂಳೆ ಶಸ್ತ್ರಚಿಕಿತ್ಸಕ ಎಂ. ಎ. ಆರ್. ಫ್ರೀಮನ್ ಅವರು, ಉಳುಕಿದ ಕಾಲು ಮತ್ತೆ ಮತ್ತೆ ಕೈಕೊಡುವುದಕ್ಕೆ ಲಿಗಮೆಂಟು ಸಡಿಲಾದದ್ದೊಂದೇ ಕಾರಣವಲ್ಲ, ಅದರ ಜೊತೆ ಈ ನರತುದಿಗಳೂ ಪೆಟ್ಟು ತಿಂದಿರುತ್ತವೆ ಎಂಬ ವಿಚಾರವನ್ನು ಮುಂದಿಟ್ಟರು. ಓರೆಯಾಗುವ ಹಲಗೆಯ ಮೇಲೆ ನಿಂತು ಅಭ್ಯಾಸ ಮಾಡಿದ ರೋಗಿಗಳಲ್ಲಿ ಕಾಲು ಕೈಕೊಡುವ ದೂರು ಕಡಿಮೆಯಾದದ್ದನ್ನೂ ಅವರು ತೋರಿಸಿದರು. ನಾವು ಇಂದು ಮಾಡಿಸುವ ಅಭ್ಯಾಸಗಳ ಮೂಲ ಅಲ್ಲಿದೆ. ಲಿಗಮೆಂಟಿನ ನರಗಳಷ್ಟರಿಂದಲೇ ಎಲ್ಲವನ್ನೂ ವಿವರಿಸಲಾಗದು, ಮಿದುಳು ಕಾಲನ್ನು ನಡೆಸುವ ರೀತಿಯೇ ಗಾಯದ ನಂತರ ಬದಲಾಗುತ್ತದೆ ಎಂದು ಮುಂದಿನ ಅಧ್ಯಯನಗಳಿಂದ ತಿಳಿದುಬಂತು. ಗಾಯವಾಗದ ಕಾಲಿನ ಸಮತೋಲನವೂ ಕೆಲವರಲ್ಲಿ ಕುಗ್ಗಿರುತ್ತದೆ. ಈ ಕಾರಣದಿಂದ ನಾನು ಅಭ್ಯಾಸವನ್ನು ಎರಡೂ ಕಾಲುಗಳಿಗೆ ಹೇಳಿಕೊಡುತ್ತೇನೆ, ಆದರೆ ಗಾಯಗೊಂಡ ಕಾಲಿಗೆ ಹೆಚ್ಚು ಹೊತ್ತು.

ಇಲ್ಲಿ ಸ್ವಲ್ಪ ಬದಿಗೆ ಸರಿದು ಒಂದು ವಿಷಯ ಹೇಳಲೇಬೇಕು. ನಮ್ಮ ಕಡೆ ಕಾಲು ಹೊರಳಿದ ಮಗುವನ್ನು ಉಳುಕು ತೆಗೆಯುವವರ ಬಳಿ ಕರೆದೊಯ್ಯುವ ರೂಢಿ ಇನ್ನೂ ಇದೆ. ಅವರ ಕೈಗುಣದ ಮೇಲೆ ಜನ ಇಟ್ಟಿರುವ ನಂಬಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಹೊಸ ಗಾಯವನ್ನು, ಅದರಲ್ಲೂ ಬೆಳೆಯುವ ಮಗುವಿನ ಕಾಲನ್ನು, ಎಳೆದು ತಿರುಚುವುದು ಬೇಡವೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಮಕ್ಕಳ ಎಲುಬಿನ ತುದಿಯ ಸಮೀಪ ಮೃದ್ವಸ್ಥಿಯ ಒಂದು ಪದರವಿದ್ದು, ಎಲುಬು ಉದ್ದವಾಗುವುದು ಅಲ್ಲಿಂದ. ಹರಡಿನ ಬಳಿಯ ಈ ಪದರ ಗಟ್ಟಿ ಎಲುಬಾಗಿ ಮುಚ್ಚಿಕೊಳ್ಳುವುದು ಹೆಣ್ಣುಮಕ್ಕಳಲ್ಲಿ ಸುಮಾರು ಹದಿನಾಲ್ಕರ, ಗಂಡುಮಕ್ಕಳಲ್ಲಿ ಸುಮಾರು ಹದಿನಾರರ ಆಸುಪಾಸಿನಲ್ಲಿ. ಅಲ್ಲಿಯವರೆಗೆ ಅದು ಎಲುಬಿನ ದುರ್ಬಲ ಭಾಗ, ಮತ್ತು ಉಳುಕೆಂದು ನಾವು ತಿಳಿದದ್ದು ಆ ಪದರದ ಗಾಯವೂ ಆಗಿರಬಹುದು. ಇಂಥ ಗಾಯಗಳನ್ನು ಸಾಲ್ಟರ್ ಮತ್ತು ಹ್ಯಾರಿಸ್ ಎಂಬ ಕೆನಡಾದ ವೈದ್ಯರು 1963ರಲ್ಲಿ ಐದು ಬಗೆಗಳಾಗಿ ವಿಂಗಡಿಸಿದ್ದು, ಅದೇ ವಿಂಗಡಣೆ ಇಂದಿಗೂ ಬಳಕೆಯಲ್ಲಿದೆ.

ಹಾಗಾದರೆ ಎಕ್ಸ್‌ರೇ ಯಾವಾಗ ಬೇಕು? ಕೆನಡಾದ ಒಟ್ಟಾವಾದಲ್ಲಿ ರೂಪುಗೊಂಡು 1992ರಲ್ಲಿ ಪ್ರಕಟವಾದ ನಿಯಮಗಳು ದೈಹಿಕ ಶಿಕ್ಷಕರು ನೆನಪಿಟ್ಟುಕೊಳ್ಳುವಷ್ಟು ಸರಳವಾಗಿವೆ. ಗಾಯವಾದ ಕೂಡಲೇ ಮತ್ತು ಪರೀಕ್ಷೆಯ ಹೊತ್ತಿನಲ್ಲಿ ನಾಲ್ಕು ಹೆಜ್ಜೆ ಇಡಲೂ ಆಗದಿದ್ದರೆ, ಅಥವಾ ಒಳಗಂಟು, ಹೊರಗಂಟುಗಳ ತುದಿಯಿಂದ ಹಿಂಬದಿಯ ಅಂಚಿನಲ್ಲಿ ಆರು ಸೆಂಟಿಮೀಟರ್ ಮೇಲಿನವರೆಗೆ ಎಲುಬಿನ ಮೇಲೆಯೇ ಬೆರಳೊತ್ತಿದಾಗ ನೋವಿದ್ದರೆ ಎಕ್ಸ್‌ರೇ ಬೇಕು. ಪಾದದ ಹೊರ ಅಂಚಿನ ನಡುವೆ ಉಬ್ಬಿರುವ ಎಲುಬು, ಒಳಮಗ್ಗುಲಲ್ಲಿ ಪಾದದ ಕಮಾನಿನ ಮೇಲ್ಭಾಗದ ಎಲುಬು, ಇವೆರಡರ ಮೇಲಿನ ನೋವಿಗೂ ಇದೇ ಮಾತು. ಮಕ್ಕಳ ವಿಷಯದಲ್ಲಿ ಅನುಮಾನ ಬಂದರೆ ಈ ನಿಯಮಕ್ಕೂ ಕಾಯದೆ ವೈದ್ಯರಿಗೆ ತೋರಿಸಿ. ನಾನು ಮುಂದೆ ಹೇಳುವ ಎಲ್ಲ ಅಭ್ಯಾಸಗಳೂ ಎಲುಬು ಮುರಿದಿಲ್ಲವೆಂದು ಖಚಿತವಾದ ಮೇಲಿನವು. ಮುರಿದಿದ್ದರೆ ಪ್ಲಾಸ್ಟರ್ ತೆಗೆದು ವೈದ್ಯರು ಒಪ್ಪಿದ ಮೇಲಿನವು.

ಮೊದಲ ದಿನಗಳಲ್ಲಿ ವಿಶ್ರಾಂತಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಬ್ಯಾಂಡೇಜು, ದಿಂಬಿನ ಮೇಲೆ ಕಾಲು, ಇವೆಲ್ಲ ನಿಮಗೆ ಗೊತ್ತು. ಊತ ಇಳಿಯತೊಡಗಿದಾಗ ಕುಳಿತಲ್ಲೇ ಕೆಲಸ ಆರಂಭವಾಗುತ್ತದೆ. ಪಾದದಿಂದ ಗಾಳಿಯಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಬರೆಸುವುದು ನಾವು ಕಲಿತ ಕ್ರಮ. ನಾನು ಕನ್ನಡ ವರ್ಣಮಾಲೆಯನ್ನೇ ಬರೆಸುತ್ತೇನೆ. ನಮ್ಮ ಅಕ್ಷರಗಳ ದುಂಡು ಇಲ್ಲಿ ಬಹಳ ಉಪಕಾರಿ: ‘ಠ’ ಬರೆಯಲು ಪಾದ ಪೂರ್ತಿ ಒಂದು ಸುತ್ತು ಬರಬೇಕು, ‘ಣ’ಗೆ ಹೋದ ದಾರಿಯಲ್ಲೇ ಮತ್ತೆ ತಿರುಗಬೇಕು, ‘ಕ್ಷ’ ಬರೆಯುವಷ್ಟರಲ್ಲಿ ಕೀಲು ಎಲ್ಲ ದಿಕ್ಕುಗಳಿಗೂ ಹೋಗಿ ಬಂದಿರುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು. ಮಕ್ಕಳು ಪಾದದ ಬದಲು ಇಡೀ ಕಾಲನ್ನೇ ಆಡಿಸಿ ಬೇಗ ಬರೆದು ಮುಗಿಸುತ್ತಾರೆ, ಆದ್ದರಿಂದ ತಾಯಿಯೋ ಅಜ್ಜಿಯೋ ಮಗುವಿನ ಮೊಣಕಾಲಿನ ಮೇಲೆ ಅಂಗೈಯಿಟ್ಟು ಕುಳಿತಿರಬೇಕು.

ಕುಂಟದೆ ನಡೆಯಲು ಬಂದ ಮೇಲೆ, ಸೌಮ್ಯವಾದ ಉಳುಕಾದರೆ ಮೊದಲ ವಾರದಲ್ಲಿಯೇ, ಒಂಟಿಕಾಲಿನ ನಿಲುವನ್ನು ಆರಂಭಿಸಬಹುದು. ಜಗುಲಿಯ ಕಂಬದ ಪಕ್ಕ, ಬರಿಗಾಲಿನಲ್ಲಿ, ಹಿರಿಯರೊಬ್ಬರು ಕೈಗೆಟಕುವಷ್ಟು ದೂರದಲ್ಲಿರುವಾಗ ನಿಲ್ಲಿಸಿ. ಎದುರಿನ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ತಾರೀಖನ್ನು ಗುರುತು ಮಾಡಿಕೊಂಡು ಅದನ್ನೇ ನೋಡಲು ಹೇಳಿ. ಮೊಣಕಾಲು ಬಿರುಸಾಗಿ ಹಿಂದಕ್ಕೆ ಬೀಗಿಕೊಳ್ಳದೆ ತುಸು ಬಾಗಿರಲಿ. ಗುರಿ ಮೂವತ್ತು ಸೆಕೆಂಡು, ಮೂರು ಸಲ, ದಿನಕ್ಕೆರಡು ಬಾರಿ. ಮೊದಲ ದಿನ ಐದು ಸೆಕೆಂಡೇ ಆದರೂ ಚಿಂತೆಯಿಲ್ಲ. ನಡುಗಬೇಡವೆಂದು ಮಗುವನ್ನು ಗದರಬೇಡಿ, ಏಕೆಂದರೆ ಬೀಳುವ ಅಂಚಿಗೆ ಹೋಗಿ ತನ್ನನ್ನು ತಾನೇ ಹಿಂದಕ್ಕೆಳೆದುಕೊಳ್ಳುವ ಆ ಸಣ್ಣ ನಡುಕದಲ್ಲಿಯೇ ಕಾಲು ಕಲಿಯುತ್ತಿರುತ್ತದೆ. ನೋವು ಬಂದರೆ ಅಥವಾ ಮರುದಿನ ಊತ ಕಂಡರೆ ಮಾತ್ರ ಒಂದು ಹೆಜ್ಜೆ ಹಿಂದೆ ಸರಿಯಬೇಕು.

ಮುಂದಿನ ಹಂತಗಳನ್ನು ಕೂಡಿಸುವ ಕ್ರಮದಲ್ಲಿಯೇ ಬಹಳ ಮನೆಗಳಲ್ಲಿ ತಪ್ಪಾಗುತ್ತದೆ. ಒಂದು ಸಲಕ್ಕೆ ಒಂದನ್ನೇ ಕಠಿಣ ಮಾಡಬೇಕು. ಗಟ್ಟಿ ನೆಲದ ಮೇಲೆ ಕಣ್ಣು ತೆರೆದು ಮೂವತ್ತು ಸೆಕೆಂಡು ಮೂರು ಸಲವೂ ನಿಂತರೆ, ಅದೇ ನೆಲದ ಮೇಲೆ ಕಣ್ಣು ಮುಚ್ಚಿ ನಿಲ್ಲುವುದು. ಅದು ಬಂದ ಮೇಲೆ ಕಣ್ಣು ತೆರೆದು, ನಾಲ್ಕು ಮಡಿಕೆ ಹಾಕಿದ ಕಂಬಳಿಯ ಮೇಲೆ. ಆಮೇಲೆ ನಿಂತುಕೊಂಡೇ ಅಣ್ಣನೋ ತಂಗಿಯೋ ಎಸೆದ ನಿಂಬೆಹಣ್ಣನ್ನು ಹಿಡಿಯುವುದು, ಹದಿಮೂರರ ಮಗ್ಗಿ ಹೇಳುವುದು. ಆಟದ ಮೈದಾನದಲ್ಲಿ ಯಾವ ಮಗುವೂ ತನ್ನ ಕಾಲನ್ನು ನೆನೆಯುತ್ತ ಓಡುವುದಿಲ್ಲ. ಗಮನ ಬೇರೆಲ್ಲೋ ಇದ್ದಾಗಲೂ ಕಾಲು ತನ್ನ ಕೆಲಸ ಮಾಡಬೇಕು ಎಂಬುದಕ್ಕಾಗಿ ಈ ಮಗ್ಗಿ. ಓರೆಯಾಗುವ ಹಲಗೆಯನ್ನು ಕೊಳ್ಳಲೇಬೇಕೆಂದಿಲ್ಲ. ಹಲಗೆಗೆ ಮರದ ತುಂಡು ಹೊಡೆದು ಮನೆಯಲ್ಲೇ ಮಾಡಿಕೊಂಡವರನ್ನು ಕಂಡಿದ್ದೇನೆ. ಅದು ಎಷ್ಟು ಓರೆಯಾಗುತ್ತದೆ ಎಂಬುದರ ಮೇಲೆ ಹಿಡಿತವಿರುವುದಿಲ್ಲವಾದ್ದರಿಂದ ಮಕ್ಕಳಿಗೆ ಅದು ಬೇಡ, ಕಂಬಳಿ ಸಾಕು.

ಘಟ್ಟದ ಕೆಳಗಿನಿಂದ, ಕುಮಟಾ, ಕಾರವಾರದ ಕಡೆಯಿಂದ ಬಂದ ಪಾಲಕರು ಮರಳಿನ ಬಗ್ಗೆ ಕೇಳುತ್ತೀರಿ. ಮರಳು ಒಳ್ಳೆಯದೇ, ಆದರೆ ಸಡಿಲವಾದ ಒಣ ಮರಳು ಬಹಳ ಕಠಿಣ. ನೀರು ಹಿಂದೆ ಸರಿದು ಗಟ್ಟಿಯಾದ ಒದ್ದೆ ಮರಳಿನ ಮೇಲೆ ಆರಂಭಿಸಿ, ವಾರಗಳ ನಂತರ ಒಣ ಮರಳಿಗೆ ಬನ್ನಿ. ಇನ್ನೊಂದು ಸಂಗತಿ: ಕಡಲತೀರ ಯಾವಾಗಲೂ ಸಮುದ್ರದ ಕಡೆಗೆ ಇಳಿಜಾರಾಗಿರುವುದರಿಂದ ಒಂದೇ ದಿಕ್ಕಿಗೆ ನಡೆದರೆ ಒಂದು ಪಾದ ಸದಾ ಒಂದೇ ಕಡೆಗೆ ಓರೆಯಾಗಿರುತ್ತದೆ. ಹೋದಷ್ಟೇ ದೂರ ತಿರುಗಿ ಬರಬೇಕು, ಮತ್ತು ಕಾಲಿನ ಗಾಯ ಇನ್ನೂ ಹಸಿಯಾಗಿರುವಾಗ ಸಮತಟ್ಟಾದ ಜಾಗವನ್ನೇ ಆರಿಸಿಕೊಳ್ಳಬೇಕು.

ಸುಮಾರು ಏಳು ವರ್ಷದೊಳಗಿನ ಮಕ್ಕಳಿಗೆ ಕಣ್ಣು ಮುಚ್ಚಿಸುವ ಹಂತವನ್ನು ನಾನು ಬಿಟ್ಟುಬಿಡುತ್ತೇನೆ. ಆ ವಯಸ್ಸಿನಲ್ಲಿ ಸಮತೋಲನ ಬಹುಮಟ್ಟಿಗೆ ಕಣ್ಣನ್ನೇ ನೆಚ್ಚಿಕೊಂಡಿರುತ್ತದೆ, ಪಾದದ ವರ್ತಮಾನವನ್ನು ದೊಡ್ಡವರಂತೆ ಬಳಸಿಕೊಳ್ಳುವುದು ಏಳರಿಂದ ಹತ್ತರ ನಡುವೆ ನಿಧಾನವಾಗಿ ಬರುತ್ತದೆ. ಅವರಿಗೆ ಸೆಕೆಂಡುಗಳ ಲೆಕ್ಕವೂ ರುಚಿಸುವುದಿಲ್ಲ. ಗದ್ದೆಯಲ್ಲಿ ಒಂಟಿಕಾಲಿನಲ್ಲಿ ನಿಂತ ಬೆಳ್ಳಕ್ಕಿಯಂತೆ ನಿಲ್ಲು, ಮೀನು ಬಂದಾಗ ಬಗ್ಗಿ ಹಿಡಿ ಎಂದರೆ ಅವರು ಬೇಸರವಿಲ್ಲದೆ ಹತ್ತು ಸಲ ಬಗ್ಗಿ ಏಳುತ್ತಾರೆ.

ಕುಂಟೆಬಿಲ್ಲೆಯ ಬಗ್ಗೆಯೂ ಹೇಳಬೇಕು. ಒಂಟಿಕಾಲಿನಲ್ಲಿ ಜಿಗಿಯುವುದು, ಗೆರೆ ತುಳಿಯದೆ ಇಳಿಯುವುದು, ಅದೇ ಕಾಲಿನ ಮೇಲೆ ನಿಂತು ಬಗ್ಗಿ ಬಿಲ್ಲೆ ಎತ್ತುವುದು, ಇವೆಲ್ಲ ಒಂದೇ ಆಟದಲ್ಲಿ ಸೇರಿರುವುದನ್ನು ನೋಡಿದಾಗ ನನಗೆ ನಿಜಕ್ಕೂ ಸಂತೋಷವಾಗುತ್ತದೆ. ಇದಕ್ಕಿಂತ ಪೂರ್ಣವಾದ ಅಭ್ಯಾಸವನ್ನು ನಾನು ಬೇರೆ ಹೊಸೆಯಲಾರೆ. ಆದರೆ ಅದು ಕೊನೆಯ ಹಂತದ್ದು. ಎರಡೂ ಕಾಲುಗಳಲ್ಲಿ ಜಿಗಿದು ಸದ್ದಾಗದಂತೆ ಇಳಿಯಲು ಬಂದ ಮೇಲೆ, ನಂತರ ಒಂದೇ ಕಾಲಿನಲ್ಲಿ ಇಳಿದು ಮೂರು ಎಣಿಸುವವರೆಗೆ ಅಲುಗದೆ ನಿಲ್ಲಲು ಬಂದ ಮೇಲೆ ಕುಂಟೆಬಿಲ್ಲೆಗೆ ಬನ್ನಿ. ಯಕ್ಷಗಾನ ಕಲಿಯುವ ಮಕ್ಕಳಿಗೂ ಇದೇ ಕ್ರಮ: ಮೊದಲು ನೆಲದ ಹೆಜ್ಜೆಗಳು, ಗಿರಕಿ ಮತ್ತು ಹಾರಿ ಇಳಿಯುವ ಕುಣಿತ ಕಟ್ಟಕಡೆಗೆ. ಹೆಜ್ಜೆ ಕಲಿಸುವ ಗುರುಗಳು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು. ಕಾಲು ಉಳುಕಿತ್ತೆಂಬ ಮಾತನ್ನು ಅವರಿಗೆ ತಿಳಿಸುವುದಷ್ಟೇ ಪಾಲಕರ ಕೆಲಸ.

ನನ್ನಿಂದಾದ ಒಂದು ತಪ್ಪನ್ನು ಈಗ ಹೇಳುತ್ತೇನೆ, ಏಕೆಂದರೆ ಅದರಿಂದ ನನ್ನ ಕ್ರಮವೇ ಬದಲಾಯಿತು. ಕೆಲವು ವರ್ಷಗಳ ಹಿಂದೆ ಹನ್ನೊಂದು ವರ್ಷದ ಹುಡುಗಿಯೊಬ್ಬಳು ಜೂನ್ ತಿಂಗಳಲ್ಲಿ ಖೋ ಖೋ ಆಡುವಾಗ ಕಾಲು ಉಳುಕಿಸಿಕೊಂಡು ಬಂದಳು. ಮೂರು ವಾರಗಳಲ್ಲಿ ನೋವು ಪೂರ್ತಿ ಹೋಯಿತು, ನೆಲದ ಮೇಲೆ ಒಂಟಿಕಾಲಿನಲ್ಲಿ ಚೆನ್ನಾಗಿಯೇ ನಿಂತಳು, ಇನ್ನು ಬರಬೇಕಾಗಿಲ್ಲವೆಂದು ನಾನು ಅವಳ ತಾಯಿಗೆ ಹೇಳಿದೆ. ಆಟಕ್ಕೆ ಬಿಡಬೇಡಿ ಎಂದೂ ಹೇಳಿದ್ದೆ. ಆದರೆ ಶಾಲೆಗೆ ಹೋಗುವ ದಾರಿ ಯಾವುದೆಂದು ಕೇಳಿರಲಿಲ್ಲ. ಅವಳ ಮನೆ ಹಳ್ಳದ ಆಚೆ ಇತ್ತು. ಎರಡು ಅಡಿಕೆ ಮರದ ಕಾಂಡಗಳನ್ನು ಜೋಡಿಸಿ ಹಾಕಿದ ಸಂಕ, ಒಂದು ಬದಿಗೆ ಮಾತ್ರ ಹಿಡಿದುಕೊಳ್ಳಲು ಬಿದಿರು. ಜುಲೈಯ ಮಳೆಯಲ್ಲಿ, ಬೆನ್ನಿಗೆ ಶಾಲೆಯ ಚೀಲ, ಒಂದು ಕೈಯಲ್ಲಿ ಕೊಡೆ ಹಿಡಿದು ಸಂಕ ದಾಟುವಾಗ ಅದೇ ಕಾಲು ಮತ್ತೆ ಹೊರಳಿತು. ಬಿದಿರು ಕೈಗೆ ಸಿಕ್ಕಿದ್ದರಿಂದ ಅವಳು ಹಳ್ಳಕ್ಕೆ ಬೀಳಲಿಲ್ಲ. ಅವಳ ತಾಯಿ ಇದನ್ನು ಹೇಳುವಾಗ ನನ್ನ ಮೇಲೆ ಕೋಪಿಸಿಕೊಳ್ಳಲಿಲ್ಲ, ಆದರೆ ಆ ದಿನ ನನಗೆ ಊಟ ಸೇರಲಿಲ್ಲ.

ಎರಡನೆಯ ಸಲ ಅವಳ ಅಭ್ಯಾಸವನ್ನು ಸಂಕದ ಸುತ್ತಲೇ ಕಟ್ಟಿದೆವು. ನೆಲದ ಮೇಲೆ ಅಡಿಕೆ ಕಾಂಡದ ಅಗಲಕ್ಕೆ ಬಳಪದಿಂದ ಎರಡು ಗೆರೆ ಎಳೆದು, ಹಿಮ್ಮಡಿಯನ್ನು ಬೆರಳಿಗೆ ಮುಟ್ಟಿಸುತ್ತ ನಡೆಸಿದೆವು. ಆಮೇಲೆ ನೆಲಕ್ಕೆ ತಾಗಿ ಇಟ್ಟ ಹಲಗೆಯ ಮೇಲೆ. ಆಮೇಲೆ ಚೀಲ ಹೊತ್ತು, ಅದರ ನಂತರ ಕೊಡೆ ಬಿಚ್ಚಿ ಹಿಡಿದು. ಕೊಡೆ ಬಿಚ್ಚಿದಾಗ ಕೈಯೊಂದು ಕಟ್ಟಿಹೋಗುತ್ತದೆ, ಪಾದವೂ ಸರಿಯಾಗಿ ಕಾಣುವುದಿಲ್ಲ, ಗಾಳಿ ಬಂದರೆ ಮೈಯನ್ನೇ ಎಳೆಯುತ್ತದೆ. ಆ ಒಂದು ಕೊಡೆಯಿಂದ ಅವಳ ನಡಿಗೆ ಎಷ್ಟು ಬದಲಾಯಿತೆಂಬುದನ್ನು ಕಂಡು ನಾನು ಬೆರಗಾದೆ. ಎಂಟು ವಾರಗಳು ಬೇಕಾದವು, ಅಷ್ಟೂ ದಿನ ಅವಳ ತಂದೆ ಬೆಳಿಗ್ಗೆ ಸಂಜೆ ಕೈಹಿಡಿದು ಸಂಕ ದಾಟಿಸಿದರು. ಅಂದಿನಿಂದ ಕಾಲು ನೋಡುವ ಮೊದಲು ನಾನು ಕೇಳುವ ಪ್ರಶ್ನೆ ಮನೆಯಿಂದ ಶಾಲೆಯವರೆಗಿನ ದಾರಿಯದು: ಸಂಕವಿದೆಯೇ, ದಣಪೆ ಹತ್ತಿ ಇಳಿಯಬೇಕೇ, ಪಾಚಿಗಟ್ಟಿದ ಕಲ್ಲಿನ ಮೆಟ್ಟಿಲುಗಳಿವೆಯೇ, ಕಾಲಿಗೆ ಹಾಕುವುದು ಸವೆದ ಹವಾಯಿ ಚಪ್ಪಲಿಯೇ. ಇವಕ್ಕೆ ಸಿಕ್ಕ ಉತ್ತರದಿಂದಲೇ ಅಭ್ಯಾಸದ ಪಟ್ಟಿ ತಯಾರಾಗುತ್ತದೆ.

ಆಟಕ್ಕೆ ಮರಳುವುದು ಯಾವಾಗ ಎಂಬ ಪ್ರಶ್ನೆಗೆ ಶಿಕ್ಷಕರು ವಾರಗಳ ಲೆಕ್ಕದಲ್ಲಿ ಉತ್ತರ ಬಯಸುತ್ತೀರಿ. ವಾರಗಳ ಬದಲು ಅಳತೆಯನ್ನು ನಂಬಿ ಎಂದು ನನ್ನ ವಿನಂತಿ. ನೆಲದ ಮೇಲೆ ಒಂದು ಬಿಂದುವಿನಿಂದ ಬಳಪದಲ್ಲಿ ಮೂರು ಗೆರೆ ಎಳೆಯಿರಿ: ಒಂದು ನೇರ ಮುಂದಕ್ಕೆ, ಉಳಿದೆರಡು ಹಿಂದಕ್ಕೆ ಓರೆಯಾಗಿ ಎಡಬಲಕ್ಕೆ. ಮಗು ಬಿಂದುವಿನ ಮೇಲೆ ಒಂದು ಕಾಲಿನಲ್ಲಿ ನಿಂತು, ಹಿಮ್ಮಡಿ ಎತ್ತದೆ, ಇನ್ನೊಂದು ಕಾಲಿನ ಬೆರಳ ತುದಿಯನ್ನು ಗೆರೆಯ ಮೇಲೆ ಸಾಧ್ಯವಾದಷ್ಟು ದೂರ ಚಾಚಿ, ಅದರ ಮೇಲೆ ಭಾರ ಹಾಕದೆ ಮರಳಿ ಬರಬೇಕು. ಟೇಪಿನಿಂದ ಅಳೆಯಿರಿ, ಕಾಲು ಬದಲಿಸಿ ಮತ್ತೆ ಅಳೆಯಿರಿ. ಅಮೆರಿಕದಲ್ಲಿ 235 ಮಂದಿ ಹೈಸ್ಕೂಲು ಬಾಸ್ಕೆಟ್‌ಬಾಲ್ ಆಟಗಾರರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮುಂದಿನ ದಿಕ್ಕಿನಲ್ಲಿ ಎರಡು ಕಾಲುಗಳ ನಡುವೆ 4 ಸೆಂಟಿಮೀಟರಿಗಿಂತ ಹೆಚ್ಚು ಅಂತರವಿದ್ದವರಿಗೆ ಕಾಲಿನ ಗಾಯವಾಗುವ ಸಂಭವ ಎರಡೂವರೆ ಪಟ್ಟು ಕಂಡುಬಂತು. ಇದು ಹೈಸ್ಕೂಲಿನವರ ಅಳತೆ, ಚಿಕ್ಕ ಮಕ್ಕಳಿಗೆ ಅದೇ ಸಂಖ್ಯೆಯನ್ನು ಅಂಟಿಸಬಾರದು; ಆದರೆ ಒಂದು ಕಾಲನ್ನು ಇನ್ನೊಂದರೊಡನೆ ಹೋಲಿಸುವ ಕ್ರಮ ಎಲ್ಲರಿಗೂ ಸಲ್ಲುತ್ತದೆ. ಇದರ ಜೊತೆ ಒಂಟಿಕಾಲಿನ ಜಿಗಿತದ ದೂರ ಎರಡೂ ಕಡೆ ಹೆಚ್ಚುಕಡಿಮೆ ಸಮನಾಗಿರಬೇಕು. ಓಡುತ್ತಲೇ ತಟ್ಟನೆ ದಿಕ್ಕು ಬದಲಿಸುವಾಗ ಮಗುವಿನ ಮುಖದಲ್ಲಿ ಅಳುಕು ಇರಬಾರದು. ಮುಖವನ್ನು ನೋಡಿ ಎಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ತಂಡದಿಂದ ಹೊರಗುಳಿಯುವ ಭಯಕ್ಕೆ ಮಕ್ಕಳು ಬಾಯಲ್ಲಿ ಸತ್ಯ ಹೇಳುವುದಿಲ್ಲ. ಆಟಕ್ಕೆ ಮರಳಿದ ಮೊದಲ ತಿಂಗಳುಗಳಲ್ಲಿ ಹರಡಿಗೆ ಲೇಸು ಕಟ್ಟುವ ಆಧಾರಪಟ್ಟಿ ಹಾಕಿಸುವುದು ಒಳ್ಳೆಯದು, ಆದರೆ ಪಟ್ಟಿ ಹಾಕಿದೆವೆಂದು ಅಭ್ಯಾಸ ನಿಲ್ಲಿಸಬಾರದು.

ಗಾಯವಾಗದ ಮಕ್ಕಳಿಗೂ ಇದರಿಂದ ಪ್ರಯೋಜನವಿದೆ. ಅದೇ 2006ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 765 ಮಂದಿ ಹೈಸ್ಕೂಲು ಫುಟ್‌ಬಾಲ್ ಮತ್ತು ಬಾಸ್ಕೆಟ್‌ಬಾಲ್ ಆಟಗಾರರಲ್ಲಿ ಒಂದು ಗುಂಪಿಗೆ ಸಮತೋಲನದ ಅಭ್ಯಾಸ ಮಾಡಿಸಿದಾಗ ಆ ಗುಂಪಿನಲ್ಲಿ ಹರಡಿನ ಉಳುಕು 38 ಪ್ರತಿಶತದಷ್ಟು ಕಡಿಮೆಯಾಯಿತು. ಖೋ ಖೋ, ಕಬಡ್ಡಿ, ವಾಲಿಬಾಲ್ ಅಭ್ಯಾಸದ ಮೊದಲು ಇಡೀ ತಂಡ ಹತ್ತು ನಿಮಿಷ ಒಂಟಿಕಾಲಿನಲ್ಲಿ ನಿಂತು ಚೆಂಡು ಎಸೆದಾಡಿದರೆ ಗಾಯಗೊಂಡು ಬಂದ ಮಗು ಪ್ರತ್ಯೇಕವಾಗಿ ಮೂಲೆಯಲ್ಲಿ ನಿಲ್ಲಬೇಕಾದ ಸಂಕೋಚವೂ ತಪ್ಪುತ್ತದೆ.

ವೇದಿಕೆಗೆ ಬಂದಿದ್ದ ಹುಡುಗನನ್ನು ಕಾರ್ಯಕ್ರಮದ ಮೊದಲು ಹೊರಗಿನ ಪಡಸಾಲೆಯಲ್ಲಿ ಅಳೆದು ನೋಡಿದೆ. ಬಲಗಾಲಿನ ಮೇಲೆ ನಿಂತು ಮುಂದಕ್ಕೆ ಚಾಚಿದಾಗಿನ ದೂರ ಎಡಗಾಲಿನದಕ್ಕಿಂತ 7 ಸೆಂಟಿಮೀಟರ್ ಕಡಿಮೆಯಿದೆ. ತಾಲ್ಲೂಕು ಮಟ್ಟದ ಪಂದ್ಯ ಹತ್ತಿರ ಬಂದಿದೆ, ಅವನಿಗೆ ಆಡುವ ಆಸೆ ಬಹಳ. ಅವನ ಶಿಕ್ಷಕರು ಇಲ್ಲಿಯೇ ಇದ್ದಾರೆ. ಈ ಸಲ ಅವನಿಗೆ ಅಂಕಗಳ ಹಾಳೆ ಬರೆಯುವ ಕೆಲಸ ಕೊಟ್ಟು ತಂಡದ ಜೊತೆಗೇ ಕರೆದೊಯ್ಯುವುದಾಗಿ ಒಪ್ಪಿಕೊಂಡಿದ್ದಾರೆ. ಬೆಳಿಗ್ಗೆ ಹಲ್ಲುಜ್ಜುವಾಗ ಒಮ್ಮೆ, ಸಂಜೆ ಕಂಬಳಿಯ ಮೇಲೆ ಒಮ್ಮೆ ಅಭ್ಯಾಸ ಮಾಡುವುದಾಗಿ ಅವನು ತಾಯಿಯ ಎದುರು ಮಾತು ಕೊಟ್ಟಿದ್ದಾನೆ. ನಾಲ್ಕು ವಾರಗಳ ನಂತರ ಅದೇ ಗೆರೆಗಳ ಮೇಲೆ ಮತ್ತೆ ಅಳೆಯುತ್ತೇವೆ.